ಪಾನಾ ಹಿಡಿದವನ ನೆರೆಮನೆ

ಡಾಕ್ಟರ ಪಕ್ಕದ ಮನೆಯಲ್ಲಿದ್ದರೆ ಪುಕ್ಕಟೆ ಗುಳಿಗೆ ಸಿಗುತ್ತದೆ. ವಕೀಲರ ಪಕ್ಕದಲ್ಲಿದ್ದರೆ ಪುಕ್ಕಟೆ ಹೆದರಿಕೆ ಸಿಗುತ್ತದೆ. ಕೃಷಿ ಯಂತ್ರಗಳ ತಂತ್ರಜ್ಞನ ಪಕ್ಕದಲ್ಲಿದ್ದರೆ ಸಿಗುವುದೇನೂ ಇಲ್ಲ, ಹೋಗುವುದು ಮಾತ್ರ ಉಂಟು: ಬೆಳಗಿನ ಜಾವದ ನಿದ್ದೆ. ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ಕೋಳಿ ಕೂಗುವ ಮೊದಲೇ ನಮ್ಮ ಬೇಲಿಯ ಹತ್ತಿರ ಬೈಕು ನಿಲ್ಲುತ್ತದೆ. ಅವನ ಮನೆಯ ಬಾಗಿಲು ಆಚೆ ಬದಿಗಿದೆ. ಬಂದವರಿಗೆ ಕಾಣುವುದು ನಮ್ಮ ಮನೆಯ ದೀಪ. "ಸಾಹೇಬ್ರು ಅದಾರೇನ್ರೀ? ಟಿಲ್ಲರಿನ ಬೆಲ್ಟ್ ಹರಿದೈತ್ರೀ." ಈಗೀಗ ನಾನೇ ಒಂದೆರಡು ಪ್ರಶ್ನೆ ಕೇಳಿ ಕಳಿಸುವಷ್ಟು ಪಳಗಿದ್ದೇನೆ. ಬೆಲ್ಟಿನ ಮೇಲೆ ನಂಬರ್ ಏನಿತ್ತು? ಹರಿದ ತುಂಡು ತಂದಿದ್ದೀರಾ? ಹೆಚ್ಚಿನವರು ತಂದಿರುವುದಿಲ್ಲ. ರೋಗಿಯನ್ನು ಮನೆಯಲ್ಲಿ ಬಿಟ್ಟು ಔಷಧಕ್ಕೆ ಬರುವುದು ನಮ್ಮ ಕಡೆಯ ಹಳೆಯ ರೂಢಿ.

ನಮ್ಮ ಅತ್ತಿವೇರಿ ಎಂದರೆ ಹೊರಗಿನವರಿಗೆ ಹಕ್ಕಿ. ಮುಂಡಗೋಡದಿಂದ ಹತ್ತು ಹದಿನೈದು ಕಿಲೋಮೀಟರು ಬಂದರೆ ಜಲಾಶಯ, ಅದರ ಸುತ್ತ 2.23 ಚದರ ಕಿಲೋಮೀಟರಿನ ಪಕ್ಷಿಧಾಮ. ನವೆಂಬರಿನಿಂದ ಮಾರ್ಚ್ ತನಕ ಕೊರಳಿಗೆ ದುರ್ಬೀನು ಹಾಕಿಕೊಂಡವರು ಬರುತ್ತಾರೆ. ಚಮಚದ ಕೊಕ್ಕಿನ ಹಕ್ಕಿ ಎಲ್ಲಿ, ನೀರುಕಾಗೆ ಎಲ್ಲಿ, ಬಿಳಿ ಕೆಂಬರಲು ಎಲ್ಲಿ ಎಂದು ಕೇಳುತ್ತಾರೆ. ಬಸವಧಾಮಕ್ಕೆ ಬಂದವರೂ ಅತ್ತ ಒಂದು ಸುತ್ತು ಹಾಕಿ ಹೋಗುವುದುಂಟು. ಇವರೆಲ್ಲ ಒಡ್ಡಿನ ಮೇಲೆ ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಮ್ಮ ಬೇಲಿಯಾಚೆಯ ತಂತ್ರಜ್ಞ ಹುಡುಗ ಮಾತ್ರ ನೀರಿಗೆ ಬೆನ್ನು ಹಾಕಿ, ಒಡ್ಡಿನ ಕೆಳಬದಿಯನ್ನೇ ನೋಡುತ್ತ ನಡೆಯುತ್ತಾನೆ. ಮೊದಮೊದಲು ನಾನು ಇವನಿಗೆ ಹಕ್ಕಿಯ ಗೀಳಿಲ್ಲ, ಪಾಪ, ಅಂದುಕೊಂಡಿದ್ದೆ. ಅವನು ನೋಡುತ್ತಿದ್ದದ್ದು ಜಿನುಗುವ ನೀರನ್ನು.

ಮಣ್ಣಿನ ಒಡ್ಡು ಎಂದ ಮೇಲೆ ಜಿನುಗುವುದು ಸಹಜವಂತೆ. ಜಿನುಗಿದ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಕದಡಿ ಬಂದರೆ ಮಾತ್ರ ಕೆಲಸ ಕೆಟ್ಟಿತು. ಒಳಗಿನ ಮಣ್ಣು ಕಣಕಣವಾಗಿ ನೀರಿನ ಜೊತೆ ಹೊರಟಿದೆ, ಒಳಗೆ ಕೊಳವೆಯೊಂದು ತಾನೇ ತಾನಾಗಿ ಕೊರೆದುಕೊಳ್ಳುತ್ತಿದೆ ಎಂದರ್ಥ. ಏಡಿಯ ಬಿಲ, ಹೆಗ್ಗಣದ ಬಿಲ, ಒಡ್ಡಿನ ಮೇಲೆ ಯಾರೂ ನೆಡದೆ ಎದ್ದ ಮರದ ಬೇರು, ಇವೆಲ್ಲ ಆ ಕೊಳವೆಗೆ ದಾರಿ ತೋರಿಸುವವು. ಒಡ್ಡಿನ ಮೇಲಿನ ಮರದ ನೆರಳಿಗೆ ಕೂತು ಬುತ್ತಿ ಉಣ್ಣುವವರಿಗೆ ಇದನ್ನು ಹೇಳಿದರೆ ರುಚಿಸುವುದಿಲ್ಲ. 2019ರ ಆಗಸ್ಟಿನ ಆ ಮಳೆಯಲ್ಲಿ ನಮ್ಮದೇ ತಾಲೂಕಿನ ಚಿಗಳ್ಳಿ ಜಲಾಶಯದ ಒಡ್ಡು ಒಡೆದು, ಬೇಸಿಗೆಗೆಂದು ಕೂಡಿಟ್ಟ ನೀರು ಹೊಲಗದ್ದೆ ಕೊಚ್ಚಿಕೊಂಡು ಹೋಯಿತು. ಅಂದಿನಿಂದ ಈ ಸೀಮೆಯಲ್ಲಿ ಆಗಸ್ಟ್ ಬಂದರೆ ಒಡ್ಡಿನ ಕೆಳಗೆ ಗದ್ದೆಯಿದ್ದವರ ಕಿವಿ ನೆಟ್ಟಗಾಗುತ್ತದೆ. ಒಡ್ಡು ಕಾಯುವುದು ಇವನ ಸಂಬಳದ ಕೆಲಸವಲ್ಲ, ಅದಕ್ಕೆ ಬೇರೆ ಇಲಾಖೆ ಇದೆ. ಓದಿದ ಕಣ್ಣು ಸುಮ್ಮನಿರುವುದಿಲ್ಲ, ಅಷ್ಟೆ.

ಅವನ ಸಂಬಳದ ಕೆಲಸ ಯಾವುದು ಎಂದು ವಿವರಿಸುವುದು ಅವನ ತಾಯಿಗೇ ಕಷ್ಟ. ಹೆಣ್ಣಿನ ಕಡೆಯವರು ಬಂದಾಗ ಬೇಲಿಯ ಈಚೆಗೆ ನಿಂತು ನಾನು ಕೇಳಿಸಿಕೊಂಡದ್ದು ಹೀಗೆ: ಇಂಜಿನಿಯರೇ? ಅಲ್ಲ, ಡಿಪ್ಲೊಮಾ. ಹಾಗಾದರೆ ಕೃಷಿ ಅಧಿಕಾರಿಯೇ? ಅಲ್ಲ. ಗ್ಯಾರೇಜಿನವರೇ? ಹಾಗಲ್ಲ, ಆದರೆ ಗ್ಯಾರೇಜಿನ ಕೆಲಸವೂ ಬರುತ್ತದೆ. ಲೆವಲ್ ಯಂತ್ರ ಮೂರುಕಾಲಿನ ಮೇಲೆ ನಿಲ್ಲಿಸಿ ಹೊಲದ ಏರಿಳಿತ ಅಳೆಯುತ್ತಾನೆ, ಕೃಷಿ ಹೊಂಡಕ್ಕೆ ಸುಣ್ಣದ ಗೆರೆ ಹಾಕುತ್ತಾನೆ, ಪಂಪಿನ ಗಾಳಿ ತೆಗೆಯುತ್ತಾನೆ, ಬಿತ್ತುವ ಯಂತ್ರ ಹೊಂದಿಸುತ್ತಾನೆ. ಕೇಳಿದ ಹಿರಿಯರು ಕೊನೆಗೆ ತಾವೇ ತೀರ್ಮಾನಕ್ಕೆ ಬಂದರು: "ಅಂದ್ರ, ಎಲ್ಲಾ ಮಾಡ್ತಾರು, ಒಂದರಾಗೂ ಹೆಸರಿಲ್ಲ ಅನ್ರಿ." ಸಂಬಂಧ ಮುಂದುವರಿಯಲಿಲ್ಲ. ಆ ಹಿರಿಯರು ತಮಗೆ ಗೊತ್ತಿಲ್ಲದೆ ಆ ಕಸುಬಿನ ಸರಿಯಾದ ವ್ಯಾಖ್ಯೆಯನ್ನೇ ಕೊಟ್ಟು ಹೋದರು ಅನ್ನುವುದು ನನ್ನ ಅಭಿಪ್ರಾಯ.

ಈ ಸೀಮೆಗೆ ಅಂಥವನೇ ಬೇಕು, ಯಾಕೆಂದರೆ ಈ ಸೀಮೆಗೂ ಒಂದು ಹೆಸರಿಲ್ಲ. ಯಲ್ಲಾಪುರದ ಕಡೆ ಹೋದರೆ ದಟ್ಟ ಮಲೆನಾಡು, ಅಡಿಕೆ, ಜಿಗಣೆ. ಹುಬ್ಬಳ್ಳಿಯ ಕಡೆ ಹೋದರೆ ಎರೆಭೂಮಿ, ಹತ್ತಿ, ಬಿಸಿಲು. ಮಳೆಯ ಲೆಕ್ಕ ಪಶ್ಚಿಮದಿಂದ ಪೂರ್ವಕ್ಕೆ ಊರೂರಿಗೆ ಇಳಿಯುತ್ತದೆ. ನಡುವಿನ ಹಳಿಯಾಳ, ಮುಂಡಗೋಡ, ಅತ್ತ ಕಲಘಟಗಿ, ಇತ್ತ ಹಾನಗಲ್ಲು, ಇದೆಲ್ಲ ಅರೆಮಲೆನಾಡು. ಗೋವಿನಜೋಳ, ಹತ್ತಿ, ಹಳಿಯಾಳದ ಕಡೆಗೆ ಕಬ್ಬು, ಎಲ್ಲಕ್ಕಿಂತ ಹೆಚ್ಚಾಗಿ ಕೂರಿಗೆ ಭತ್ತ. ಕರಾವಳಿಯವರಿಗೆ, ಗಂಗಾವತಿಯವರಿಗೆ ಇದು ವಿಚಿತ್ರ. ಭತ್ತ ಎಂದರೆ ಸಸಿ ಮಡಿ, ಕೆಸರು, ಬಗ್ಗಿ ನಾಟಿ ಎಂದು ತಿಳಿದವರು ಅವರು. ನಾವು ಮೇ ತಿಂಗಳ ಕೊನೆಗೆ ಒಣ ನೆಲಕ್ಕೆ ಜೋಳ ಬಿತ್ತಿದಂತೆ ಭತ್ತ ಬಿತ್ತುತ್ತೇವೆ. ಮೊಳಕೆ ಬಂದ ಮೇಲೆ ಎಡೆಕುಂಟೆ ಹೊಡೆಯುತ್ತೇವೆ. ಆಮೇಲೆ ಮಳೆ ಜೋರಾಗಿ ನೀರು ನಿಂತಾಗ ಅದೇ ಬೆಳೆ ಗದ್ದೆಯ ಭತ್ತವಾಗುತ್ತದೆ. ಹುಟ್ಟುವಾಗ ಬಯಲುಸೀಮೆ, ಬೆಳೆಯುವಾಗ ಮಲೆನಾಡು.

ಇಂಥ ಬೆಳೆಗೆ ಯಂತ್ರ ಮಾಡಿದವರು ಎಲ್ಲೋ ಸಪಾಟು ನೆಲದಲ್ಲಿ ಕೂತು ಮಾಡಿರುತ್ತಾರೆ. ಅದನ್ನು ನಮ್ಮ ಕಾಡಂಚಿನ ತುಂಡು ಹೊಲಕ್ಕೆ ಒಗ್ಗಿಸುವುದೇ ಅವನ ಕೆಲಸದ ತಿರುಳು. ಮೇ ಕೊನೆಯಲ್ಲಿ ಅವನ ಅಂಗಳದಲ್ಲಿ ನಡೆಯುವುದನ್ನು ನೀವು ನೋಡಬೇಕು. ಒಂಬತ್ತು ತಾಳಿನ ಟ್ರ್ಯಾಕ್ಟರ್ ಕೂರಿಗೆಯನ್ನು ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿ, ಒಂದೊಂದು ಕೊಳವೆಯ ಬಾಯಿಗೂ ಪ್ಲಾಸ್ಟಿಕ್ ಚೀಲ ಕಟ್ಟಿ, ಚಕ್ರವನ್ನು ಕೈಯಿಂದ ತಿರುಗಿಸಲು ಹಚ್ಚುತ್ತಾನೆ. ಎಣಿಕೆಗೆ ಬೇಲಿಯ ಈಚೆಗಿನ ನನ್ನನ್ನು ನೇಮಿಸಿಕೊಂಡಿದ್ದಾನೆ. ಸಾಲಿನಿಂದ ಸಾಲಿಗೆ 22.5 ಸೆಂಟಿಮೀಟರು, ಒಂಬತ್ತು ಸಾಲಿಗೆ ಎರಡು ಮೀಟರು ಅಗಲ. ಎಕರೆ ಎಂದರೆ 4,047 ಚದರ ಮೀಟರು, ಅಂದರೆ ಒಂದು ಎಕರೆ ಬಿತ್ತಲು ಕೂರಿಗೆ ಸುಮಾರು 2,000 ಮೀಟರು ಓಡಬೇಕು. ಚಕ್ರದ ಸುತ್ತಳತೆ ಎರಡು ಮೀಟರು ಇದ್ದರೆ ಸಾವಿರ ಸುತ್ತು. ಸಾವಿರ ಸುತ್ತು ಯಾರು ತಿರುಗಿಸುತ್ತಾರೆ? ಐವತ್ತು ಸಾಕು. ಎಕರೆಗೆ 30 ಕಿಲೋ ಬೀಜ ಬೀಳಬೇಕಾದರೆ ಐವತ್ತು ಸುತ್ತಿಗೆ ಚೀಲಗಳಲ್ಲಿ ಒಂದೂವರೆ ಕಿಲೋ ಕೂಡಬೇಕು. ಹೆಚ್ಚಾದರೆ ಬೀಜದ ಕಿಂಡಿ ಕಿರಿದು ಮಾಡು, ಕಡಿಮೆಯಾದರೆ ಹಿರಿದು ಮಾಡು. ಹೊಲದಲ್ಲಿ ಚಕ್ರ ಜಾರುತ್ತದೆ, ಅದಕ್ಕೆ ಇಷ್ಟು ಸೇರಿಸು. ಇಷ್ಟೇ ಲೆಕ್ಕ. ಈ ಲೆಕ್ಕ ಮಾಡದೆ ಬಿತ್ತಿದವನ ಹೊಲ ಜುಲೈ ತಿಂಗಳಲ್ಲಿ ತಾನೇ ಸಾಕ್ಷಿ ಹೇಳುತ್ತದೆ, ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕೇಳುವಂತೆ.

ಅವನ ಅಜ್ಜಿ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿರುತ್ತಾರೆ. ಅವರ ಕಾಲದಲ್ಲಿ ಎತ್ತಿನ ಕೂರಿಗೆ. ಹಿಂದೆ ನಡೆಯುವ ಹೆಂಗಸು ಉಡಿ ತುಂಬ ಬೀಜ ಕಟ್ಟಿಕೊಂಡು ಬಟ್ಟಲಿಗೆ ಬಿಡುತ್ತ ಹೋಗಬೇಕು. ಬಟ್ಟಲಿನಿಂದ ಬಿದಿರಿನ ಕೊಳವೆಗಳಿಗೆ ಸಮನಾಗಿ ಇಳಿಯುವುದು ಅವಳ ಬೆರಳಿನ ಮೇಲೆ ನಿಂತ ವಿಷಯ. ಒಂದು ಸಲ ಹುಡುಗ ತಕ್ಕಡಿ ಹೊಂದಿಸುತ್ತಿರುವಾಗಲೇ ಅಜ್ಜಿ ಚೀಲಗಳ ಮೇಲೊಮ್ಮೆ ಕಣ್ಣಾಡಿಸಿ, "ಮೂರನೇದು ಕಟ್ಟೇತಿ ನೋಡು," ಅಂದರು. ತೂಗಿದರೆ ಹೌದು, ಮೂರನೆಯ ಚೀಲ ಹಗುರ. ಕೊಳವೆ ಬಿಚ್ಚಿ ತಂತಿ ಹಾಕಿದಾಗ ಕಣಜದ ಮಣ್ಣುಗೂಡು ಉದುರಿತು. ವರ್ಷದಲ್ಲಿ ಹನ್ನೊಂದು ತಿಂಗಳು ಮೂಲೆಯಲ್ಲಿ ನಿಂತ ಯಂತ್ರವನ್ನು ಕಣಜ ಬಿಡುತ್ತದೆಯೇ? ಯಂತ್ರದ ಕೈಪಿಡಿಯಲ್ಲಿ ಕಣಜದ ಸುದ್ದಿ ಇಲ್ಲ.

ಕೂರಿಗೆಯ ವಿಷಯಕ್ಕೆ ನನಗೆ ಸ್ವಲ್ಪ ಊರಭಿಮಾನವಿದೆ. ಇಂಗ್ಲೆಂಡಿನ ಜೆಥ್ರೋ ಟಲ್ 1701ರಲ್ಲಿ ಬಿತ್ತುವ ಯಂತ್ರ ಮಾಡಿದ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ನಮ್ಮ ದಖನ್ನಿನ ರೈತ ಅದಕ್ಕೂ ಎಷ್ಟೋ ಮೊದಲಿನಿಂದ ಸಾಲು ಹಿಡಿದು ಬಿತ್ತುತ್ತಿದ್ದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರಕಾರದ ಅಪ್ಪಣೆಯ ಮೇಲೆ ಹಳಿಯಾಳ, ಯಲ್ಲಾಪುರ, ಶಿರಸಿ, ಬನವಾಸಿ ಎಂದು ಈ ದಾರಿಯಲ್ಲೇ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಹೊತ್ತಗೆಯಲ್ಲಿ ದಕ್ಷಿಣದ ರೈತರ ಉಪಕರಣಗಳ ಚಿತ್ರಗಳೂ ಇವೆ. ಅವನಿಗೆ ನಮ್ಮ ಬೇಸಾಯ ಬಹಳ ಮೆಚ್ಚಿಗೆಯಾಗಿತ್ತೆಂದು ಹೇಳಲಾರೆ, ಕೊಂಕು ತೆಗೆಯುವುದು ಅವನ ಉದ್ಯೋಗವಾಗಿತ್ತು. ಆದರೆ ನೇಗಿಲಿನ ಮುಂದೆ ನಿಂತು ಅಳತೆ ತೆಗೆದುಕೊಂಡನಲ್ಲ, ಆ ಗುಣ ನಮ್ಮ ಹುಡುಗನಲ್ಲೂ ಇದೆ.

ಯಂತ್ರ ಹೊಸದಾಗಿ ಬಂದಾಗ ರೈತ ಅನುಮಾನಿಸುವುದೂ ಹೊಸತಲ್ಲ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆಗೆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ಜನ ಮುಟ್ಟಲಿಲ್ಲವಂತೆ. ನೇಗಿಲುಗಳು ಎರಡು ವರ್ಷ ಹಾಗೆಯೇ ಬಿದ್ದಿದ್ದವು. ಗಂಗೆಯ ಬಯಲಿನ ಅಲಹಾಬಾದಿಗೆ ಬಂದ ಮೇಸನ್ ವಾ ಎಂಬ ಅಮೆರಿಕದ ಕೃಷಿ ಇಂಜಿನಿಯರನಿಗೆ ಈ ಮರ್ಮ ತಿಳಿದಿತ್ತು ಎಂದು ಕಾಣುತ್ತದೆ. ತಾನು ರೂಪಿಸಿದ ನೇಗಿಲುಗಳಿಗೆ ಅವನು ಇಟ್ಟ ಹೆಸರು 'ಶಾಬಾಶ್', 'ವಾಹ್ ವಾಹ್'. ಕೊಳ್ಳುವವನು ಹೊಗಳುವವರೆಗೆ ಕಾಯುವುದೇಕೆ, ಹೆಸರಿನಲ್ಲೇ ಹೊಗಳಿಕೆ ಸೇರಿಸಿಬಿಟ್ಟರಾಯಿತು! ಈಗಿನ ಕಂಪನಿಗಳು ಯಂತ್ರಕ್ಕೆ ಮೂರಂಕಿಯ ನಂಬರು ಇಟ್ಟು ಜಾಹೀರಾತಿಗೆ ಬೇರೆ ಖರ್ಚು ಮಾಡುತ್ತವೆ.

ಆದರೆ ಹುಡುಗನ ಗೋಡೆಯ ಮೇಲಿರುವುದು ಇವರಿಬ್ಬರ ಪಟವಲ್ಲ, ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರದು. ಪೇಪರಿನಿಂದ ಕತ್ತರಿಸಿ ಅಂಟಿಸಿದ್ದಾನೆ. 2022ರಲ್ಲಿ ಪದ್ಮಶ್ರೀ ಬಂದಾಗಿನ ಫೋಟೋ. ಬೆಳಗ್ಗೆ ಬೇಗ ಏಳಲಾಗದ ಹುಡುಗನಾಗಿದ್ದಾಗ ಅವರು ಮಾಡಿಕೊಂಡ ಮೊದಲ ಯಂತ್ರದ ಕಥೆ ಧಾರವಾಡ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ನೀರಿನ ಬಾಟಲಿ. ಗಂಟೆ ಹೊಡೆದಂತೆ ಕೀಲಿ ತಿರುಗಿ ದಾರ ಸುತ್ತಿ ಬಾಟಲಿ ಬಗ್ಗಿ ಮುಖದ ಮೇಲೆ ನೀರು! ಆಮೇಲೆ ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಹಾಕುವ ಕೂರಿಗೆ, ಕಬ್ಬು ನೆಡುವ ಯಂತ್ರ ಎಂದು ಸಾಲುಸಾಲಾಗಿ ಮಾಡಿದರು. ಡಿಗ್ರಿಯಿಂದಲ್ಲ, ತಮ್ಮ ಹೊಲದ ತಾಪತ್ರಯದಿಂದ. ನಮ್ಮವನಿಗೆ ಆ ಬಾಟಲಿಯ ಅಲಾರಂ ಬೇಕಿಲ್ಲ, ಬೈಕಿನವರು ಬಂದೇ ಬರುತ್ತಾರೆ.

ಅವನ ಸಿಟ್ಟು ನೋಡಬೇಕಾದರೆ ಲುಂಗಿ ಉಟ್ಟುಕೊಂಡು ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಲ್ಲಿ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಆರು ಸೆಂಟಿಮೀಟರು ದಪ್ಪದ ಶಾಫ್ಟು ಒಂದು ಸೆಕೆಂಡಿಗೆ ಒಂದೂವರೆ ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಲುಂಗಿ ಎರಡು ಮೀಟರು. 'ಅಯ್ಯೋ' ಅನ್ನುವುದಕ್ಕೂ ಅಷ್ಟು ಹೊತ್ತು ಬೇಕಾಗುತ್ತದೆ. ಶಾಫ್ಟಿನ ಮೇಲೆ ಹಳದಿಯದೋ ಕಪ್ಪಿನದೋ ಪ್ಲಾಸ್ಟಿಕ್ ಹೊದಿಕೆ ಕಂಪನಿಯವರು ಕೊಟ್ಟಿರುತ್ತಾರೆ. ಗ್ರೀಸ್ ಹಚ್ಚಲು ಅಡ್ಡಿ ಎಂದು ಮೊದಲ ವಾರವೇ ಕಿತ್ತೆಸೆಯುತ್ತಾರೆ. ಗೋವಿನಜೋಳ ಒಡೆಯುವ ಸುಗ್ಗಿಯಲ್ಲಿ ಸೆರಗು, ವೇಲು, ಲುಂಗಿ ಎಲ್ಲ ಆ ಶಾಫ್ಟಿನ ಸುತ್ತಲೇ ಓಡಾಡುತ್ತವೆ. ಹೊದಿಕೆ ಇಲ್ಲದ ಯಂತ್ರ ಕಂಡರೆ ಅವನು ಎಂಜಿನ್ ಬಂದ್ ಮಾಡಿ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಬರುತ್ತಾನೆ. ಇದರಿಂದ ಊರಲ್ಲಿ ಕೆಲವರು ಅವನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಇನ್ನು ಬಾಡಿಗೆಯ ವಿಷಯ. ಎಲ್ಲರಿಗೂ ಟ್ರ್ಯಾಕ್ಟರು ಕೊಳ್ಳಲಾಗುವುದಿಲ್ಲ, ಎರಡು ಎಕರೆಯವನು ಕೊಳ್ಳಲೂಬಾರದು. ಅದಕ್ಕೆಂದೇ ಸರಕಾರ 2014-15ರಲ್ಲಿ 'ಕೃಷಿ ಯಂತ್ರಧಾರೆ' ತಂದು, ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಕೇಂದ್ರ ತೆರೆಯಿತು. ಒಳ್ಳೆಯ ಯೋಜನೆ, ನನ್ನದೇನೂ ತಕರಾರಿಲ್ಲ. ತಕರಾರಿರುವುದು ರೋಹಿಣಿ ಮಳೆಗೆ. ಬ್ಯಾಂಕಿನಲ್ಲಿ ಎಲ್ಲರೂ ಒಂದೇ ದಿನ ದುಡ್ಡು ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ ಬ್ಯಾಂಕು ನಡೆಯುತ್ತದೆ. ಯಂತ್ರದ ಬಾಡಿಗೆ ಕೇಂದ್ರಕ್ಕೆ ಆ ಧೈರ್ಯವಿಲ್ಲ. ಹದ ಬಿದ್ದ ದಿನ ಎಲ್ಲರಿಗೂ ಹದ ಬಿದ್ದಿರುತ್ತದೆ. ರೋಟವೇಟರು ಗಂಟೆಗೆ ಹೆಚ್ಚುಕಡಿಮೆ ಒಂದು ಎಕರೆ ಹೊಡೆದರೆ, ಹದ ನಾಲ್ಕೈದು ದಿನ ನಿಂತರೆ, ಎಷ್ಟು ಮಂದಿಗೆ ಸಿಕ್ಕೀತು? ಸಿಗದವನು ಕೇಂದ್ರವನ್ನು ಬೈಯುತ್ತಾನೆ, ಸಿಕ್ಕವನು ಯಂತ್ರವನ್ನು ಬೈಯುತ್ತಾನೆ, ಎರಡನ್ನೂ ಕೇಳಿಸಿಕೊಳ್ಳುವವನು ಪಾನಾ ಹಿಡಿದು ಕೆಳಗೆ ಮಲಗಿರುತ್ತಾನೆ. ಅದೇ ಹೊತ್ತಿಗೆ ಬೇರಿಂಗು ಹೋದರೆ ಹುಬ್ಬಳ್ಳಿಯಿಂದಲೇ ಬರಬೇಕು. ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ ಪೊಟ್ಟಣಕ್ಕಾಗಿ ಮುಂಡಗೋಡ ಸ್ಟ್ಯಾಂಡಿನಲ್ಲಿ ಕಾಯುವವರನ್ನು ಜೂನ್ ತಿಂಗಳಲ್ಲಿ ನೋಡಿ, ಹೆರಿಗೆ ಆಸ್ಪತ್ರೆಯ ಹೊರಗೂ ಅಷ್ಟು ಆತಂಕವಿರುವುದಿಲ್ಲ.

ಇಲ್ಲಿ ನನ್ನ ಮಾತೊಂದನ್ನು ಸೇರಿಸಿಬಿಡುತ್ತೇನೆ, ಹುಡುಗ ಹೇಳುವವನಲ್ಲ. ಯಂತ್ರ ಕೊಳ್ಳಲು ಸಹಾಯಧನವಿದೆ. ಫೋಟೋ ತೆಗೆಸಿಕೊಳ್ಳಲು ವೇದಿಕೆಯಿದೆ, ಕೀಲಿಯ ದೊಡ್ಡ ರಟ್ಟಿನ ಮಾದರಿಯೂ ಇದೆ. ಮೂರನೆಯ ವರ್ಷ ಅದು ಕೆಟ್ಟು ನಿಂತಾಗ ಕರೆಯಲು ಇರುವವನು ಒಬ್ಬ, ಅವನೂ ಬಹಳ ಕಡೆ ಗುತ್ತಿಗೆಯವನು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಸಂಸ್ಥೆಯಲ್ಲಿ ಹಳ್ಳಿಯ ಹುಡುಗರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತಾರೆ. ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಪಾಠವೇ ಇದೆ. ಕಲಿತ ಹುಡುಗರಲ್ಲಿ ಎಷ್ಟೋ ಮಂದಿ ಪಟ್ಟಣದ ಶೋರೂಮಿನ ಕಡೆ ಮುಖ ಮಾಡುತ್ತಾರೆ, ಅಲ್ಲಿ ಫ್ಯಾನಿದೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಊರಲ್ಲೇ ಉಳಿದವನಿಗೆ ನಾವು ಕೊಡುವುದೇನು? ಚಹಾ, ಮತ್ತೊಂದು ಚಹಾ, "ನಿಮ್ಮಂಥೋರು ಬೇಕ್ರೀ" ಎಂಬ ಮಾತು.

ಯಂತ್ರ ನೋಡಿಕೊಳ್ಳುವ ವಿಷಯದಲ್ಲಿ ಡೋಗುಲಿಂಗ್ ಟಿಬೆಟನ್ ಕ್ಯಾಂಪಿನವರು ಮಾತ್ರ ಜಾಣರು ಅನ್ನುತ್ತಾನೆ ಹುಡುಗ. 1966ರಲ್ಲಿ ಬಂದು ನೆಲೆನಿಂತ ಅವರಿಗೆ ಈ ಕಾಡು, ಈ ಮಳೆ, ಈ ಭತ್ತ ಎಲ್ಲವೂ ಪರದೇಶ. ಅವರಲ್ಲಿ ಹಿರಿಯ ಲಾಮಾ ಒಬ್ಬರು ಟ್ರ್ಯಾಕ್ಟರಿನ ಬಳಿ ಕೂತು ಇವನು ನಟ್ಟು ಬಿಚ್ಚುವ ಕ್ರಮದಲ್ಲೇ ಬಟ್ಟೆಯ ಮೇಲೆ ಒಂದೊಂದಾಗಿ ಸಾಲಾಗಿ ಇಡುತ್ತಿದ್ದರಂತೆ. ಮತ್ತೆ ಕೂಡಿಸುವಾಗ ಒಂದೂ ಉಳಿಯಲಿಲ್ಲ. ನಮ್ಮವರ ಯಂತ್ರ ಕೂಡಿಸಿದ ಮೇಲೆ ಒಂದೆರಡು ನಟ್ಟು ಉಳಿದೇ ಉಳಿಯುತ್ತವೆ, ಕಂಪನಿಯವರು ಹೆಚ್ಚಿಗೆ ಕೊಟ್ಟಿದ್ದಾರೆಂದು ನಾವು ಖುಷಿ ಪಡುತ್ತೇವೆ.

ಬೇಲಿಗೊರಗಿ ಹರಟೆ ಹೊಡೆಯುವ ಕಾಲವೂ ಹೋಯಿತೆನ್ನಿ. ಕಾಡಂಚಿನ ಹೊಲಗಳಿಗೆಲ್ಲ ಈಗ ಸೋಲಾರ್ ಬೇಲಿ. ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿಯ ಕಡೆಯಿಂದ ಆನೆಗಳ ಹಿಂಡು ಮುಂಡಗೋಡದ ಕಾಡಿಗೆ ಬರುತ್ತದೆ. ಬೇಲಿಯ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟು, ಆದರೆ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದ ಹೊಡೆತ. ಕೊಲ್ಲುವುದಿಲ್ಲ, ಬುದ್ಧಿ ಹೇಳುತ್ತದೆ. ಮಳೆಗಾಲದಲ್ಲಿ ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ಭೂಮಿಗಿಳಿದು ಆನೆಗೆ ಕಚಗುಳಿಯಷ್ಟೂ ಉಳಿಯುವುದಿಲ್ಲ. ಬೇಲಿ ಕೆಟ್ಟಿದೆ ಎಂದು ಕರೆಸಿದವರಿಗೆ ಅವನು ಮೀಟರು ತೆಗೆಯುವ ಮೊದಲು ಕುಡಗೋಲು ತನ್ನಿ ಅನ್ನುತ್ತಾನೆ. ಅರ್ಧ ತಾಸು ಹುಲ್ಲು ಕೊಯ್ದರೆ ಬೇಲಿ ಸರಿ. ಅಷ್ಟಕ್ಕೆ ಇವನನ್ನು ಕರೆಸಬೇಕಿತ್ತೇ ಎಂದು ಮನೆಯವರ ಮುಖ ಸಣ್ಣದಾಗುತ್ತದೆ. ಯಂತ್ರ ಬಿಚ್ಚದೆ ರಿಪೇರಿ ಮಾಡಿದವನನ್ನು ಯಾರೂ ನಂಬುವುದಿಲ್ಲ.

ಈ ವರ್ಷದ ವ್ಯಾಜ್ಯ ಹುಲ್ಲಿನದು. ಭತ್ತ ಕೊಯ್ಯಲು ಕಂಬೈನ್ ಬಂತು, ಒಂದು ತಾಸಿನಲ್ಲಿ ಎಕರೆ ಮುಗಿಸಿ ಕಾಳನ್ನು ಟ್ರಾಲಿಗೆ ಸುರಿಯಿತು. ಎಲ್ಲರೂ ಶಾಬಾಶ್ ಅಂದರು. ಮಾರನೆಯ ದಿನ ಖರೀದಿಗೆ ಒಯ್ದರೆ ತೇವಾಂಶ ಹೆಚ್ಚು. ಬೆಂಬಲ ಬೆಲೆಗೆ ಭತ್ತದಲ್ಲಿ ಶೇಕಡಾ 17ಕ್ಕಿಂತ ಹೆಚ್ಚು ತೇವ ಇರಕೂಡದು, ನಿಂತ ಬೆಳೆಯಿಂದ ನೇರವಾಗಿ ಬಂದ ಕಾಳಿನಲ್ಲಿ ಇಪ್ಪತ್ತರ ಮೇಲಿರುತ್ತದೆ. ಸರಿ, ಡಾಂಬರು ರಸ್ತೆಯ ಅರ್ಧ ಭಾಗ ಒಣಗಿಸುವ ಕಣವಾಯಿತು. ಅದಾದ ಮೇಲೆ ಗೌಳಿ ಹಿರಿಯರೊಬ್ಬರು ಬಂದರು. ಎಮ್ಮೆಗಳಿಗೆ ಹುಲ್ಲು ಬೇಕು. ಕಂಬೈನ್ ಹೋದ ಗದ್ದೆಯಲ್ಲಿ ಹುಲ್ಲು ಪುಡಿಯಾಗಿ, ಚಕ್ರದಡಿ ತುಳಿದು ಬಿದ್ದಿದೆ. ಬಣವೆ ಒಟ್ಟಲು ಬರುವುದಿಲ್ಲ. ಹುಡುಗ ಕಾಗದ ತೆಗೆದು ಲೆಕ್ಕ ಬರೆದ: ಕೂಲಿಯವರಿಂದ ಕೊಯ್ಸಿದರೆ ಇಷ್ಟು, ಕಂಬೈನಿಗೆ ಇಷ್ಟು, ಉಳಿದದ್ದು ಇಷ್ಟು, ಅದರಲ್ಲಿ ಹುಲ್ಲು ಕೊಂಡರೂ ರೈತನಿಗೆ ಲಾಭವೇ. ಹಿರಿಯರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಲೆಕ್ಕ ಬರೋಬರಿ ಐತಿ. ಎಮ್ಮಿಗೆ ನೀನ ಓದಿ ಹೇಳು," ಅಂದರು.

ಅದಕ್ಕೆ ಅವನು ಹುಡುಕಿದ ಉಪಾಯ ರೀಪರ್. ಅದು ಬುಡಕ್ಕೆ ಕೊಯ್ದು ಪೈರನ್ನು ಇಡಿಯಾಗಿ ಒಂದು ಬದಿಗೆ ಮಲಗಿಸುತ್ತದೆ, ಹುಲ್ಲಿಗೆ ಧಕ್ಕೆಯಿಲ್ಲ. ಆದರೆ ಸಿವುಡು ಕಟ್ಟಲು, ಹೊರಲು, ಒಕ್ಕಲು ಮತ್ತೆ ಆಳು ಬೇಕು. ಆಳು ಸಿಗದ್ದಕ್ಕೇ ಕಂಬೈನ್ ಬಂದದ್ದು. ಮುಂದಿನ ಸುಗ್ಗಿಗೆ ಒಡ್ಡಿನ ಕೆಳಗಿನ ಗದ್ದೆಗಳಿಗೆ ಕಂಬೈನ್, ರಸ್ತೆ ಬದಿಯವಕ್ಕೆ ರೀಪರ್ ಎಂದು ನಿನ್ನೆ ಸಂಜೆ ಅವರಿಬ್ಬರ ನಡುವೆ ಒಪ್ಪಂದವಾಯಿತು. ಸಿವುಡು ಕಟ್ಟಲು ಗೌಳಿವಾಡದಿಂದ ನಾಲ್ಕು ಆಳು ಕಳಿಸುವುದಾಗಿ ಹಿರಿಯರು ಒಪ್ಪಿದ್ದಾರೆ, ಹುಲ್ಲಿನಲ್ಲಿ ಅರ್ಧ ಪಾಲು ಅವರಿಗೆ. ಗದ್ದೆಯ ಮಾಲೀಕನನ್ನು ಇನ್ನೂ ಯಾರೂ ಕೇಳಿಲ್ಲ. ಅವನು ನಾನೇ.